ಮೀಸಲು ಮುರಿದ ಮಹಾಶಯ

ನನ್ನನ್ನು ಕಂಪ್ಯೂಟರ್ ಪಂಡಿತ ಅಂತ ನಂಬಿದವರು ಈ ಭೂಮಿ ಮೇಲೆ ಹೆಚ್ಚೆಂದರೆ ಹತ್ತು ಹನ್ನೆರಡು ಜನ. ಅವರೆಲ್ಲ ಕಡೂರು, ತರೀಕೆರೆ, ಅಜ್ಜಂಪುರದ ಮೂರು ರಕ್ತಪರೀಕ್ಷೆ ಲ್ಯಾಬುಗಳಲ್ಲಿ ಕೆಲಸ ಮಾಡುವವರು. ನನ್ನ ಹೆಂಡತಿ ಆ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಟಿವಿ ರಿಮೋಟಿಗೆ ಸೆಲ್ ಹಾಕುವಾಗ ನಾನು ತಿರುಗುಮುರುಗು ಹಾಕಿ, ಟಿವಿಯೇ ಕೆಟ್ಟಿದೆ ಅಂತ ರಿಪೇರಿಯವನಿಗೆ ಫೋನ್ ಮಾಡಿದ್ದನ್ನು ಅವಳು ಕಣ್ಣಾರೆ ಕಂಡವಳು.

ಮೂರೂ ಲ್ಯಾಬುಗಳು ಒಂದೇ ಟ್ರಸ್ಟಿನವು. ಮೂರಕ್ಕೂ ಒಂದೊಂದು ಸರ್ವರ್. ಸರ್ವರ್ ಅಂದರೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಮೇಜಿನ ಕೆಳಗೆ ಕಾಲಿಗೆ ತಗುಲುವ ಹಾಗೆ ಕೂತಿರುವ ಒಂದು ಕರಿ ಡಬ್ಬ. ಅದರಲ್ಲಿ ಲಿನಕ್ಸ್ ಅನ್ನುವ ಸಿಸ್ಟಮ್ಮು ಹಾಕಿ ಓಡಿಸುತ್ತಿದ್ದವನು ನಾನು. ಹುಟ್ಟಿದ್ದು ಯಗಟಿ ಕಡೆ, ಓದಿದ್ದು ಡಿಪ್ಲೊಮಾ, ಅದರಲ್ಲಿ ಎರಡು ಸಬ್ಜೆಕ್ಟು ಇವತ್ತಿಗೂ ಬಾಕಿ. ಆದರೂ ಕಡೂರಿನಲ್ಲಿ ಕೂರುವ ನಮ್ಮ ಮ್ಯಾನೇಜರು ಮೊದಲ ದಿನವೇ "ಬನ್ನಿ ಇಂಜಿನಿಯರೇ" ಅಂದುಬಿಟ್ಟರು. ತಿದ್ದಬೇಕಿತ್ತು. ತಿದ್ದಲಿಲ್ಲ. ಆ ಶಬ್ದ ಕಿವಿಗೆ ಎಷ್ಟು ಹಿತವಾಗಿತ್ತು ಅಂದರೆ, ಸಂಜೆ ಮನೆಗೆ ಹೋದಮೇಲೂ ಯಾರಾದರೂ ಹಾಗೆ ಕರೆಯುತ್ತಾರಾ ಅಂತ ಕಾದೆ. ಹೆಂಡತಿ ಕರೆದದ್ದು ಕಸದ ಬುಟ್ಟಿ ಹೊರಗಿಡಲಿಕ್ಕೆ.

ಆ ಮ್ಯಾನೇಜರು ರಿಟೈರಾದ ಹೆಡ್ಮಾಸ್ಟರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುವುದು. ನಾನಿರುವುದು ಬೀರೂರಿನಲ್ಲಿ. ಅಲ್ಲಿಂದ ಕಡೂರಿಗೆ ಬಸ್ಸಿನಲ್ಲಿ ಹದಿನೈದು ನಿಮಿಷ. ಇನ್ನು ಸ್ಟೇಷನ್ನಿಗೆ ಹೋದರೆ ಒಂದು ಹಳಿ ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ. ಇಷ್ಟು ಅನುಕೂಲದ ಊರಿನಲ್ಲಿದ್ದುಕೊಂಡು ತಪ್ಪು ರೈಲು ಹತ್ತುವುದಕ್ಕೆ ವಿಶೇಷ ಪ್ರತಿಭೆ ಬೇಕು. ನನಗೆ ಅದು ಇತ್ತು.

ಈಗ ಅಜ್ಜಂಪುರದ ಅಕ್ಕನ ವಿಷಯ ಹೇಳಬೇಕು, ಯಾಕಂದರೆ ಈ ಕತೆಯಲ್ಲಿ ನಷ್ಟ ಆಗಿದ್ದು ಅವರಿಗೆ. ಅವರು ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಲ್ಯಾಬಿಗೆ ಸೇರಿದ್ದು ಕಸ ಗುಡಿಸಲಿಕ್ಕೆ, ರಕ್ತದ ಬಾಟ್ಲಿ ತೊಳೆಯಲಿಕ್ಕೆ. ನೆಲ ಒರೆಸುತ್ತಲೇ ರಿಪೋರ್ಟ್ ಟೈಪ್ ಮಾಡುವವಳ ಬೆರಳು ನೋಡಿಕೊಂಡರು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಕೀಬೋರ್ಡಿನ ಚಿತ್ರ ಬರೆದುಕೊಂಡು ಹೋಗಿ, ಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿದ ಮೇಲೆ ಆ ಕಾಗದದ ಮೇಲೆ ಬೆರಳಾಡಿಸಿ ಕಲಿತರು. ಟೈಪ್ ಮಾಡುವವಳಿಗೆ ಮದುವೆಯಾಗಿ ಅವಳು ಬಿಟ್ಟು ಹೋದಾಗ ನೇರ ಮೇಷ್ಟ್ರ ಎದುರು ನಿಂತು, "ನಾನ್ ಮಾಡ್ತೀನಿ ಸಾ, ಒಂದ್ ವಾರ ನೋಡಿ, ಸರಿಹೋಗ್ಲಿಲ್ಲ ಅಂದ್ರೆ ಪೊರಕೆ ಎಲ್ಲೂ ಹೋಗಿಲ್ಲ" ಅಂದರಂತೆ. ಒಂದು ವಾರ ಎರಡು ವರ್ಷವಾಗಿತ್ತು. ಕಂಪ್ಯೂಟರ್ ಮುಂದಿನ ನೀಲಿ ಕುರ್ಚಿ ಅವರದ್ದಾಗಿತ್ತು. ಅದು ಒಂದು ಚಕ್ರ ಇಲ್ಲದ ಕುರ್ಚಿ, ಕೂತರೆ ಎಡಕ್ಕೆ ವಾಲುತ್ತಿತ್ತು. ಆದರೂ ಊರಿನಲ್ಲಿ "ಬಾಟ್ಲಿ ತೊಳೆಯೋಳು" ಅನ್ನುತ್ತಿದ್ದ ನಾದಿನಿ ಈಗ "ನಮ್ಮತ್ಗೆ ಕಂಪ್ಯೂಟರಲ್ಲಿ ಅವ್ರೆ" ಅನ್ನುತ್ತಾಳೆ ಅಂತ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅಜ್ಜಂಪುರದ ಸರ್ವರಿಗೆ ಒಂದು ಕೆಟ್ಟ ಚಾಳಿ. ತಿಂಗಳಿಗೆ ಎರಡು ಮೂರು ಸಲ, ಅದೂ ಜನ ತುಂಬಿರುವಾಗ, ಇದ್ದಕ್ಕಿದ್ದ ಹಾಗೆ ಗೊಟಕ್ ಅನ್ನುತ್ತಿತ್ತು. ಅಕ್ಕ ಆಫ್ ಮಾಡಿ ಆನ್ ಮಾಡುತ್ತಿದ್ದರು, ಮತ್ತೆ ಓಡುತ್ತಿತ್ತು. ಯಾಕೆ ಸತ್ತಿತು ಅಂತ ತಿಳಿಯುವ ಹಾಗೇ ಇರಲಿಲ್ಲ. ಸಾಯುವ ಹೊತ್ತಿಗೆ ಅದರ ನೆನಪಿನಲ್ಲಿ ಏನಿತ್ತೋ, ಆಫ್ ಮಾಡಿದ ಕೂಡಲೇ ಅದೂ ಹೋಯಿತು.

ಇದಕ್ಕೆ ಒಂದು ಉಪಾಯ ಇದೆ ಅಂತ ನಾನು ಅಲ್ಲಿ ಇಲ್ಲಿ ಓದಿಕೊಂಡೆ. ಮಿಷನ್ ಆನ್ ಆಗುವಾಗಲೇ ಅದರ ಮೆಮೊರಿಯಲ್ಲಿ ಒಂದಿಷ್ಟು ಜಾಗವನ್ನು ತೆಗೆದಿಡು ಅಂತ ಒಂದು ಸಾಲು ಬರೆಯುವುದು. ನಾನು ಇನ್ನೂರ ಐವತ್ತಾರು ಎಂಬಿ ಅಂತ ಬರೆದೆ. ಮಿಷನ್ ಓಡಿಸುವ ದೊಡ್ಡ ಸಿಸ್ಟಮ್ಮು ಅಷ್ಟು ಜಾಗವನ್ನು ಏನೇ ಆದರೂ ಮುಟ್ಟುವ ಹಾಗಿಲ್ಲ. ಅಲ್ಲೊಂದು ಸಣ್ಣ ಸಿಸ್ಟಮ್ಮು ತೆಪ್ಪಗೆ ಮಲಗಿರುತ್ತದೆ. ದೊಡ್ಡದು ಸತ್ತ ಕ್ಷಣ ಸಣ್ಣದು ಎದ್ದು, ಸತ್ತದ್ದರ ನೆನಪನ್ನೆಲ್ಲ ಡಿಸ್ಕಿಗೆ ನಕಲು ಮಾಡಿಟ್ಟು, ಆಮೇಲೆ ಮಿಷನ್ನನ್ನು ಮತ್ತೆ ಆನ್ ಮಾಡುತ್ತದೆ. ನಾವು ನಿಧಾನಕ್ಕೆ ಓದಿ, ಸಾವಿನ ಕಾರಣ ಇಂಥದ್ದು ಅಂತ ತಿಳಿಯಬಹುದು.

ಇದನ್ನು ಅಕ್ಕನಿಗೆ ವಿವರಿಸಿದೆ. ವಿವರಿಸಿದೆ ಅನ್ನುವುದಕ್ಕಿಂತ ಕೊಚ್ಚಿಕೊಂಡೆ ಅನ್ನುವುದು ಸರಿ. ಕರ್ನಲ್ಲು, ಪ್ಯಾನಿಕ್ಕು, ಡಂಪು ಅಂತ ಕಾಲು ಗಂಟೆ ಕೊರೆದ ಮೇಲೆ ಅವರು ಒಂದೇ ಮಾತಿನಲ್ಲಿ ಮುಗಿಸಿದರು.

"ಅಂದ್ರೆ ಮೀಸಲು ಅನ್ನಿ ಸಾರ್."

"ಆಂ?"

"ನಮ್ಮನೇಲಿ ಎಮ್ಮೆ ಕರ ಹಾಕಿದ್ರೆ ಮೊದಲ್ನೇ ಬೆಣ್ಣೆ ಮನೆದೇವ್ರಿಗೆ ಅಂತ ಎತ್ತಿಡ್ತೀವಿ. ಮಕ್ಳು ಅತ್ರೂ ಕೊಡಲ್ಲ, ನೆಂಟ್ರು ಬಂದ್ರೂ ತೆಗ್ಯಲ್ಲ. ಹಂಗೇ ತಾನೆ ಇದೂ?"

ಹಂಗೇ ಇತ್ತು. ನಾನು ಕಾಲು ಗಂಟೆ ಹೇಳಿದ್ದಕ್ಕಿಂತ ಚೆನ್ನಾಗಿತ್ತು. "ಕರೆಕ್ಟ್ ಅಕ್ಕ, ಒಳಗೆ ಮೀಸಲಿದೆ" ಅಂದೆ. ಬಾಯಿಗೆ ಬಂತು, ಅಂದೆ. ಮುಂದಿನ ವಾರ ಹೋದಾಗ ಕರಿ ಡಬ್ಬದ ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ ಎಳೆದಿತ್ತು. ಪ್ರತಿ ಸೋಮವಾರ ಹಳೇ ಗೆರೆ ಒರೆಸಿ ಹೊಸದು ಎಳೆಯುತ್ತಿದ್ದರಂತೆ. ಬೇಡಿ ಅನ್ನಬೇಕಿತ್ತು. ನನಗೆ ಒಳಗೊಳಗೇ ಖುಷಿ. ನಾನು ಬರೆದ ಒಂದು ಸಾಲಿಗೆ ಪೂಜೆಯಾಗುತ್ತಿದೆ ಅಂತ ಬೀಗಿದವನು ನಾನು.

ಆಮೇಲೆ ಏನಾಯಿತು ಅಂದರೆ, ಐದು ವಾರ ಮಿಷನ್ ಸಾಯಲೇ ಇಲ್ಲ. ನಾವು ತಯಾರಾಗಿ ಕೂತರೆ ಏನೂ ಆಗುವುದಿಲ್ಲ, ಅದು ಯಂತ್ರಗಳ ಕೊಬ್ಬು. ಅಷ್ಟರಲ್ಲಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಟೆಕ್ನಿಷಿಯನ್ ಒಂದು ದೂರು ಹೇಳಿದರು: "ಸಾರ್, ರಿಪೋರ್ಟ್ ಪ್ರಿಂಟಾಗೋದು ಸ್ಲೋ ಆಗೈತೆ." ಆಯಮ್ಮನಿಗೆ ಮಾತು ಕಮ್ಮಿ. ವರ್ಷಕ್ಕೊಂದು ದೂರು ಹೇಳಿದರೆ ಹೆಚ್ಚು. ಹಾಗಾಗಿ ನನಗೆ ರೋಷ ಬಂತು. ಸ್ಲೋ ಅಂತೆ! ನನ್ನ ಮಿಷನ್ನು ಸ್ಲೋ ಅಂತೆ! ಅವತ್ತು ಅಕ್ಕ ರಜಾದಲ್ಲಿದ್ದರು. ನಾನು ಕೂತು, ಸುಮ್ಮನೆ ಬಿದ್ದಿರುವ ಜಾಗ ಯಾವುದು ಅಂತ ಹುಡುಕಿದೆ. ಸುಮ್ಮನೆ ಬಿದ್ದಿರುವುದು ಒಂದೇ, ಆ ಇನ್ನೂರ ಐವತ್ತಾರು. ಸಾಲು ಅಳಿಸಿದೆ, ಮಿಷನ್ ಮತ್ತೆ ಆನ್ ಮಾಡಿದೆ, "ಈಗ ನೋಡಿ ಹೆಂಗೆ ಓಡುತ್ತೆ" ಅಂದೆ. ಅದು ಮೊದಲು ಹೇಗಿತ್ತೋ ಹಾಗೇ ಓಡಿತು. ಪ್ರಿಂಟರಿನ ರೋಲರ್ ಸವೆದಿತ್ತು, ಅಷ್ಟೇ, ಅದು ಆಮೇಲೆ ಗೊತ್ತಾಯಿತು. ಆದರೆ ನಾನು ಅಷ್ಟು ಗತ್ತಿನಲ್ಲಿ ಹೇಳಿದ್ದರಿಂದ ಟೆಕ್ನಿಷಿಯನ್ನಿಗೂ ಜೋರಾಗಿ ಓಡಿದ ಹಾಗೆ ಕಂಡಿರಬೇಕು. ತಲೆಯಾಡಿಸಿದರು.

ಅಕ್ಕ ರಜೆ ಮುಗಿಸಿ ಬಂದಮೇಲೆ ಒಂದು ದಿನ ಫೋನಿನಲ್ಲಿ ಬೇರೇನೋ ಮಾತಾಡುತ್ತ, "ಮೀಸಲು ಹಂಗೇ ಐತಾ ಸಾರ್?" ಅಂತ ಕೇಳಿದರು.

"ಐತೆ ಅಕ್ಕ, ಎಲ್ಲೋಗುತ್ತೆ" ಅಂದೆ.

ನಿಜ ಹೇಳಿದ್ದರೆ ಅವರು "ಯಾಕ್ ಸಾರ್ ತೆಗೆದ್ರಿ" ಅನ್ನುತ್ತಿದ್ದರು, ನಾನು ಕಾರಣ ಹೇಳಬೇಕಾಗುತ್ತಿತ್ತು. ಮಹಾಪಂಡಿತ ಕಾರಣ ಹೇಳುವುದುಂಟೇ?

ಸಂತೆಯ ದಿನ ಬಂತು. ಸುತ್ತಲ ಹಳ್ಳಿಗಳಿಂದ ಸಕ್ಕರೆ ಕಾಯಿಲೆಯವರು ಬೆಳಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ ಬಂದು ಸಾಲಾಗಿ ಕೂತಿದ್ದರು. ಹತ್ತು ಗಂಟೆಗೆ ಮಿಷನ್ ಹೋಯ್ತು. ಅಷ್ಟೂ ಜನರ ಫಲಿತಾಂಶ ಸೇವ್ ಆಗುವ ಮೊದಲೇ ಹೋಯ್ತು. ರಕ್ತ ಕೊಟ್ಟು, ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದವರಿಗೆ "ಇನ್ನೊಂದ್ಸಲ ಹಸ್ಕೊಂಡ್ ಬನ್ನಿ" ಅಂದರೆ ಸುಮ್ಮನಿರುತ್ತಾರಾ? ಅವರಲ್ಲೊಬ್ಬರು ಟ್ರಸ್ಟಿನವರಿಗೆ ನೆಂಟರು. ಹನ್ನೊಂದೂವರೆಗೆ ಮೇಷ್ಟ್ರು ಕಡೂರಿನಿಂದ ಕಾರಿನಲ್ಲಿ ಬಂದಿಳಿದರು. ನನಗೂ ಫೋನ್ ಬಂದಿತ್ತು. ಓಡಿಹೋಗಿ ರೈಲು ಹತ್ತಿದ್ದೂ ಆಗಿತ್ತು. ಟಿಕೆಟ್ ಕೇಳುವವರು ಬಂದು "ತರೀಕೆರೆಗಾ?" ಅಂದಾಗ ಗೊತ್ತಾಯಿತು, ಆ ರೈಲು ಶಿವಮೊಗ್ಗ ಕಡೆಯದು. ತರೀಕೆರೆಯಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು, ಅಜ್ಜಂಪುರ ಮುಟ್ಟುವ ಹೊತ್ತಿಗೆ ಒಂದು ಗಂಟೆ. ತಡವಾದ ಕಾರಣ ಯಾರಿಗೂ ಹೇಳಲಿಲ್ಲ. "ತರೀಕೆರೆ ಸರ್ವರಲ್ಲಿ ಅರ್ಜೆಂಟ್ ಕೆಲಸ ಇತ್ತು" ಅಂದೆ. ತರೀಕೆರೆಗೆ ಹೋಗಿದ್ದಂತೂ ಸುಳ್ಳಲ್ಲವಲ್ಲ.

ಒಳಗೆ ಹೋದರೆ ಮೇಷ್ಟ್ರು ಮೇಜಿನ ಕೆಳಗೆ ಬಗ್ಗಿ ಡಬ್ಬವನ್ನು ನೋಡುತ್ತಿದ್ದರು.

"ಏನಮ್ಮಾ ಇದು? ಕಂಪ್ಯೂಟರಿಗೆ ವಿಭೂತಿ?"

"ಒಳಗೆ ಮೀಸಲೈತೆ ಸಾ, ಅದ್ಕೆ" ಅಂದರು ಅಕ್ಕ, ಒಂದಿಷ್ಟೂ ಅಳುಕಿಲ್ಲದೆ.

"ಯಾರು ಹೇಳಿದ್ದು ನಿನಗೆ?"

"ಇಂಜಿನಿಯರ್ ಸಾರೇ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಲ್ಲು ಕಿರಿದೆ. "ಅದು ಅರ್ಥ ಆಗಲಿ ಅಂತ ಒಂದು ಹೋಲಿಕೆ ಸಾರ್" ಅಂದೆ. ಅಕ್ಕ ನನ್ನನ್ನು ನೋಡಿ ನಕ್ಕರು. ನಾನು ಬಂದೆನಲ್ಲ, ಇನ್ನು ಚಿಂತೆಯಿಲ್ಲ ಅನ್ನುವ ನಗು ಅದು. "ಸಾರ್, ತೆಗ್ದು ತೋರ್ಸಿ. ಯಾಕ್ ಹೋಯ್ತು ಅಂತ ಬರ್ದಿರುತ್ತಲ್ಲ ಅದು. ನನ್ ಕೈಯಿಂದ ಏನೂ ಆಗಿಲ್ಲ ಅಂತ ಗೊತ್ತಾಗ್ಲಿ" ಅಂದರು.

ಕೂತೆ. ಸತ್ತಾಗಿನ ನಕಲು ಇರಬೇಕಾದ ಫೋಲ್ಡರ್ ತೆಗೆದೆ. ಖಾಲಿ ಇರುತ್ತದೆ ಅಂತ ಗೊತ್ತಿದ್ದೂ, ಹುಡುಕುವವನ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಕೀಲಿ ಒತ್ತುತ್ತ ಕೂತೆ. ಕೊನೆಗೆ "ಏನೂ ಬರೆದಿಲ್ಲ ಸಾರ್" ಅಂದೆ.

ಅಕ್ಕನ ನಗು ಅಲ್ಲೇ ನಿಂತಿತು. ಮೇಷ್ಟ್ರು ಡಬ್ಬದ ನೆತ್ತಿಗೆ ಬೆರಳು ಒರೆಸಿ, ಬೂದಿ ಹತ್ತಿದ ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು.

"ಈ ಧೂಳು ಒಳಗೆ ಹೋದರೆ ಮಿಷನ್ ಕೆಡುತ್ತದೋ ಇಲ್ಲವೋ? ನೀವೇ ಹೇಳಿ ಇಂಜಿನಿಯರೇ."

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ಸಾರ್, ಆ ಜಾಗ ತೆಗೆದವನು ನಾನು, ಅದಕ್ಕೇ ಏನೂ ಬರೆದಿಲ್ಲ, ಇವರ ತಪ್ಪು ಅಂತ ಹೇಳಲಿಕ್ಕೆ ನಮ್ಮ ಹತ್ತಿರ ಏನೂ ಇಲ್ಲ. ಇಷ್ಟು ಹೇಳಲಿಕ್ಕೆ ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು ಎರಡೇ ಶಬ್ದ.

"ಕೆಡಬಹುದು ಸಾರ್."

"ಇವತ್ತಿಂದ ಕಂಪ್ಯೂಟರ್ ಮುಟ್ಟಬೇಡಮ್ಮಾ" ಅಂದರು ಮೇಷ್ಟ್ರು. "ಈ ತಿಂಗಳ ಕೊನೆಗೆ ಟೈಪಿಸ್ಟ್ ಹುಡುಕೋಣ. ಅಲ್ಲಿವರೆಗೆ ಟೆಕ್ನಿಷಿಯನ್ನೇ ಮಾಡಲಿ. ನೀನು ಮೊದಲಿನ ಕೆಲಸ ನೋಡ್ಕೋ." ಅಕ್ಕ ಡ್ರಾಯರಿನಲ್ಲಿದ್ದ ತಮ್ಮ ಕನ್ನಡಕ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಆಮೇಲೆ ಬಾಟ್ಲಿಗಳ ಸದ್ದು.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ನನ್ನ ಕಡೆಗೆ ಸ್ವಲ್ಪ ಒರಗಿಸಿಯೇ ಹೇಳಿದೆ, ಸ್ಲೋ ಆಗಿತ್ತು, ಒತ್ತಡ ಇತ್ತು ಅಂತೆಲ್ಲ. ಅವಳು ಸಾರು ಬಡಿಸುತ್ತ ಕೇಳಿಸಿಕೊಂಡು, "ತೆಗ್ದೋರು ನೀವು, ಎದ್ದೋಗಿದ್ದು ಆಯಮ್ಮ. ಇದು ಯಾವೂರ ನ್ಯಾಯ ಕಣ್ರೀ?" ಅಂದಳು. ಸಿಟ್ಟು ಬಂತು, ಅವಳ ಮೇಲೆ. ಸಿಟ್ಟು ಮಾಡಿಕೊಳ್ಳಲಿಕ್ಕೆ ಬೇರೆ ಯಾರೂ ಉಳಿದಿರಲಿಲ್ಲ, ನನ್ನನ್ನು ಬಿಟ್ಟು.

ಮಾರನೇ ದಿನವೇ ಅಜ್ಜಂಪುರಕ್ಕೆ ಹೋಗಿ ಆ ಸಾಲನ್ನು ಮತ್ತೆ ಬರೆದೆ. ಆದರೆ ನನ್ನ ಬುದ್ಧಿ ನೋಡಿ! ಇನ್ನೂರ ಐವತ್ತಾರು ಕೊಟ್ಟರೆ ಮತ್ತೆ ಸ್ಲೋ ಅಂದರೇನು ಗತಿ ಅಂತ, ಜಿಪುಣನ ಹಾಗೆ ಅರವತ್ನಾಲ್ಕು ಬರೆದೆ. ಆರು ದಿನಕ್ಕೆ ಮಿಷನ್ ಸತ್ತಿತು. ಟೆಕ್ನಿಷಿಯನ್ ಫೋನಿನಲ್ಲಿ ಪರದೆಯ ಫೋಟೋ ಕಳಿಸಿದರು. ಸಣ್ಣ ಸಿಸ್ಟಮ್ಮು ಎದ್ದಿದೆ, ಪಾಪ. ಎದ್ದು ಕೈಕಾಲು ಚಾಚಲಿಕ್ಕೆ ಜಾಗ ಸಾಲದೆ, ಮೆಮೊರಿ ಇಲ್ಲ ಅಂತ ಬರೆದು ಅದೂ ಸತ್ತಿದೆ. ಏನಾಯಿತು ಅಂತ ವಿಚಾರಿಸಲು ಬಂದವನೂ ಅಲ್ಲೇ ಬಿದ್ದುಹೋದ, ಯಾಕಂದರೆ ನಾನು ಅವನಿಗೆ ಉಸಿರಾಡಲೂ ಎಡೆ ಇಟ್ಟಿರಲಿಲ್ಲ.

ಅಷ್ಟರಲ್ಲಿ ನನಗೊಂದು ಆಸೆ ಹುಟ್ಟಿತ್ತು. ಅಕ್ಕ ಕೀಬೋರ್ಡ್ ಮುಟ್ಟದಿದ್ದಾಗಲೂ ಮಿಷನ್ ಸತ್ತಿದೆಯಲ್ಲ, ಅಷ್ಟರಲ್ಲೇ ವಿಷಯ ಬಗೆಹರಿದು ನನ್ನ ಮಾನವೂ ಉಳಿಯಬಹುದು ಅಂತ. ಮೇಷ್ಟ್ರಿಗೆ ಫೋನ್ ಮಾಡಿದೆ. "ಒಳಗೆ ಸೇರಿಕೊಂಡ ಬೂದಿ ಅಲ್ಲೇ ಇದೆಯಲ್ರೀ, ಅದೆಲ್ಲಿ ಹೋಗುತ್ತೆ?" ಅಂದರು. ಬೂದಿ ಒಳಗೆ ಹೋಗಿಲ್ಲ ಅಂತ ನಾನು ಹೇಳುವ ಹಾಗಿರಲಿಲ್ಲ. ಕೆಡಬಹುದು ಅಂದವನು ನಾನೇ.

ಹೋಗಿ ಇನ್ನೂರ ಐವತ್ತಾರು ಬರೆದೆ. ಬರೆದು ಕಾದೆ. ಮಿಷನ್ ಕೆಡಲಿ ಅಂತ ದೇವರಲ್ಲಿ ಬೇಡಿಕೊಂಡ ರಿಪೇರಿಯವನು ನನ್ನ ಬಿಟ್ಟು ಇನ್ನೊಬ್ಬ ಇರಲಿಕ್ಕಿಲ್ಲ. ದಿನಾ ಟೆಕ್ನಿಷಿಯನ್ನಿಗೆ ಫೋನ್ ಮಾಡಿ "ಕೆಡ್ತಾ?" ಅಂತ ಕೇಳುವುದು. "ಇಲ್ಲ ಸಾರ್, ಚೆನ್ನಾಗೈತೆ" ಅಂತ ಅವರು ಖುಷಿಯಾಗಿ ಹೇಳುವುದು, ನಾನು ತಲೆ ಮೇಲೆ ಕೈ ಹೊತ್ತು ಕೂರುವುದು. ಟೈಪಿಸ್ಟ್ ಕೆಲಸಕ್ಕೆ ಸೋಮವಾರ ಸಂದರ್ಶನ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೂ ಆಯಿತು. ಆ ಸೋಮವಾರಕ್ಕೆ ಮುಂಚಿನ ಗುರುವಾರ ಬೆಳಗ್ಗೆ ಫೋನ್ ಬಂತು, ಹೋಯ್ತು ಅಂತ. ಈ ಸಲ ಸರಿಯಾದ ರೈಲು ಹತ್ತಿದೆ, ಇಬ್ಬರನ್ನು ಕೇಳಿ ಹತ್ತಿದೆ.

ಫೋಲ್ಡರಿನಲ್ಲಿ ಫೈಲ್ ಇತ್ತು. ಮೈ ಜುಮ್ ಅಂತು. ತೆಗೆದು ಓದಿದೆ. ಸಾಯುವ ಮುಂಚೆ ಸಿಸ್ಟಮ್ಮು ಏನು ಮಾಡುತ್ತಿತ್ತು, ಅದಕ್ಕೆ ಮುಂಚೆ ಏನು, ಅದಕ್ಕೂ ಮುಂಚೆ ಏನು ಅಂತ ಸಾಲು ಸಾಲಾಗಿ ಇತ್ತು. ಎಲ್ಲ ಸಾಲುಗಳ ತುದಿಯಲ್ಲಿ, ಕೊಂದವನ ಜಾಗದಲ್ಲಿ ಒಂದು ಹೆಸರಿತ್ತು: ಬೀರೂರ್ ಸ್ಪೆಷಲ್.

ಬೀರೂರ್ ಸ್ಪೆಷಲ್ ಅಂದರೆ ನಾನು.

ಆ ಲ್ಯಾಬಿನಲ್ಲಿ ಎರಡು ಪರೀಕ್ಷೆ ಯಂತ್ರಗಳಿವೆ. ಒಂದು ರಕ್ತಕಣ ಎಣಿಸುವುದು, ಇನ್ನೊಂದು ಸಕ್ಕರೆ ನೋಡುವುದು. ಎರಡರ ಫಲಿತಾಂಶವೂ ಕೇಬಲ್ಲಿನಲ್ಲಿ ಸರ್ವರಿಗೆ ಬರುತ್ತದೆ. ಎರಡಕ್ಕೂ ಎರಡು ಒಳ್ಳೇ ಕೇಬಲ್ ತರಿಸುವ ಬದಲು ನಾನು ಒಂದೇ ಹಳೇ ಕೇಬಲ್ ಪೆಟ್ಟಿಗೆಗೆ ಎರಡನ್ನೂ ಸಿಕ್ಕಿಸಿ, ಅದು ಕೇಳದಿದ್ದಾಗ ಅದನ್ನು ಓಡಿಸುವ ಪ್ರೋಗ್ರಾಮಿನಲ್ಲಿ ಕೈಯಾಡಿಸಿ ಎರಡು ಸಾಲು ತಿದ್ದಿದ್ದೆ. ಕೆಲಸ ಮಾಡಿತು. ಆ ಹೆಮ್ಮೆಗೆ ಅದಕ್ಕೆ ಆ ಹೆಸರಿಟ್ಟು ಸರ್ವರಿನ ಹೊಟ್ಟೆಯೊಳಗೆ ತುರುಕಿದ್ದೆ. ಎರಡೂ ಯಂತ್ರಗಳು ಒಂದೇ ಕ್ಷಣಕ್ಕೆ ಫಲಿತಾಂಶ ಕಳಿಸಿದರೆ ಆ ಎರಡು ಸಾಲು ಒಂದರ ಮೇಲೊಂದು ಬಿದ್ದು ಎಲ್ಲವನ್ನೂ ಎಳೆದುಕೊಂಡು ಹೋಗುತ್ತಿದ್ದವು. ಜನ ತುಂಬಿದ ದಿನವೇ ಯಾಕೆ ಸಾಯುತ್ತಿತ್ತು ಅಂತ ಈಗ ಗೊತ್ತಾಯಿತು. ವಿಭೂತಿಯಲ್ಲ, ಅಕ್ಕನ ಕೈಯಲ್ಲ.

ನಿಜ ಹೇಳುತ್ತೇನೆ, ಆಗ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಹೊಸ ಕೇಬಲ್ ಹಾಕಿ, ನನ್ನ ಎರಡು ಸಾಲು ಅಳಿಸಿ, "ಬೂದಿ ಕ್ಲೀನ್ ಮಾಡಿದೆ ಸಾರ್, ಇನ್ನು ಕೆಡಲ್ಲ" ಅಂದರೆ ಮುಗಿಯಿತು. ಮಿಷನ್ ಇನ್ನೆಂದೂ ಸಾಯುವುದಿಲ್ಲ. ಸತ್ತದ್ದು ಬೂದಿಯಿಂದಲೇ ಅಂತ ಎಲ್ಲರಿಗೂ ಖಾತ್ರಿಯಾಗುತ್ತದೆ. ಹೊಸ ಟೈಪಿಸ್ಟ್ ನನ್ನನ್ನು ಇಂಜಿನಿಯರ್ ಸಾರ್ ಅನ್ನುತ್ತಾಳೆ. ಎಷ್ಟು ಸಲೀಸು! ಈ ಯೋಚನೆಯನ್ನು ಬಾಯಲ್ಲಿ ಅಡಿಕೆ ಇಟ್ಟುಕೊಂಡ ಹಾಗೆ ಅರ್ಧ ಗಂಟೆ ಇಟ್ಟುಕೊಂಡು ಕೂತಿದ್ದೆ. ಅಷ್ಟರಲ್ಲಿ ಅಕ್ಕ ತೊಳೆದ ಬಾಟ್ಲಿಗಳ ಟ್ರೇ ಹಿಡಿದು ಬಂದರು. ಟೆಕ್ನಿಷಿಯನ್ ಟೈಪ್ ಮಾಡಿಟ್ಟ ಒಂದು ರಿಪೋರ್ಟಿನ ಮೇಲೆ ಅವರ ಕಣ್ಣು ಹೋಯಿತು. "ಇಲ್ಲಿ ವಯಸ್ಸು ತಪ್ಪೈತೆ" ಅಂದರು. ತಿದ್ದಲು ಕೈ ಚಾಚಿದವರು ಅಲ್ಲೇ ಹಿಂದಕ್ಕೆ ಎಳೆದುಕೊಂಡರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಎಳೆದುಕೊಂಡರು. ನಾನು ಆ ಫೈಲನ್ನು ಕಾಗದಕ್ಕೆ ಪ್ರಿಂಟ್ ಹಾಕಿದೆ. ಎದ್ದು ಕಡೂರಿನ ಬಸ್ಸು ಹತ್ತಿದೆ.

ಮೇಷ್ಟ್ರಿಗೆ ಎಲ್ಲ ಹೇಳಿದೆ. ಜಾಗ ತೆಗೆದದ್ದು, ಸುಳ್ಳು ಹೇಳಿದ್ದು, ಎರಡು ಸಾಲು, ಎಲ್ಲ. ಕಾಗದಗಳನ್ನು ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದುಕೊಂಡರು.

"ದೊಡ್ಡ ಮನಸ್ಸು ಕಣ್ರೀ ನಿಮ್ಮದು. ಒಬ್ಬ ಬಡ ಹೆಂಗಸಿನ ಕೆಲಸ ಉಳಿಸಕ್ಕೆ ತಪ್ಪು ತಮ್ಮ ಮೈಮೇಲೆ ಹಾಕ್ಕೊಳೋರು ಈ ಕಾಲದಲ್ಲಿ ಎಲ್ಲಿದ್ದಾರೆ?"

"ಅಯ್ಯೋ ಅಲ್ಲ ಸಾರ್! ನಿಜವಾಗ್ಲೂ ನನ್ನದೇ ತಪ್ಪು."

"ನಿಮ್ಮಂಥ ಇಂಜಿನಿಯರು ಇಂಥ ತಪ್ಪು ಮಾಡ್ತಾರೇನ್ರೀ?"

"ನಾನು ಇಂಜಿನಿಯರೇ ಅಲ್ಲ ಸಾರ್. ಡಿಪ್ಲೊಮಾದಲ್ಲಿ ಎರಡು ಸಬ್ಜೆಕ್ಟ್ ಬಾಕಿ ಇದೆ!"

"ಆಹಾ, ಎಂಥ ವಿನಯ" ಅಂದರು ಮೇಷ್ಟ್ರು.

ಎಷ್ಟು ವರ್ಷ ಮೀಸೆ ತಿರುವಿಕೊಂಡು ಓಡಾಡಿದ್ದೆನೋ ಅಷ್ಟಕ್ಕೂ ಅವತ್ತು ಮುಖಕ್ಕೆ ಮಂಗಳಾರತಿ ಆಯಿತು. ನಾನು ದಡ್ಡ ಅಂತ ಒಬ್ಬರನ್ನು ನಂಬಿಸಲು ನನ್ನಿಂದ ಆಗುತ್ತಿಲ್ಲ! ನನ್ನ ಹೆಂಡತಿಯನ್ನು ಕರೆತಂದಿದ್ದರೆ ಎರಡು ನಿಮಿಷದ ಕೆಲಸ. ಕೊನೆಗೆ ಕೈ ಮುಗಿದೆ. "ಸಾರ್, ನಾಳೆ ಅಜ್ಜಂಪುರಕ್ಕೆ ಬನ್ನಿ. ನಿಮ್ಮ ಕಣ್ಣೆದುರಿಗೇ ಕೆಡಿಸಿ ತೋರಿಸ್ತೀನಿ" ಅಂದೆ.

ಶುಕ್ರವಾರ ಬೆಳಗ್ಗೆ, ಹೊರಗೆ ಜನ ಕಾಯುತ್ತಿರುವಾಗಲೇ, ಪ್ರಯೋಗ ನಡೆಯಿತು. ಮೊದಲು ಬಂದವರ ಫಲಿತಾಂಶಗಳನ್ನೆಲ್ಲ ಸೇವ್ ಮಾಡಿಸಿಕೊಂಡೆ. ಡಬ್ಬವನ್ನು ಬಿಚ್ಚಿ, ಒಳಗೆ ಒಂದು ಚಿಟಿಕೆ ಬೂದಿಯೂ ಇಲ್ಲದ ಹಾಗೆ ಊದಿ, ಬ್ರಷ್ಷಿನಲ್ಲಿ ಗುಡಿಸಿ, ಮೇಷ್ಟ್ರಿಗೆ ಟಾರ್ಚ್ ಬಿಟ್ಟು ತೋರಿಸಿ ಮುಚ್ಚಿದೆ. ಬೇರೆಯವರ ರಕ್ತ ಹಾಳು ಮಾಡುವುದು ಬೇಡ ಅಂತ ನನ್ನದೇ ಕೊಟ್ಟೆ. ಎರಡನೇ ಯಂತ್ರಕ್ಕೆ ಮೇಷ್ಟ್ರದ್ದು. ಮೂವತ್ತು ವರ್ಷ ಬೆತ್ತ ಹಿಡಿದಿದ್ದ ಮನುಷ್ಯ ಸೂಜಿ ನೋಡಿ ಕಣ್ಣು ಮುಚ್ಚಿ "ಶಿವಶಿವಾ" ಅಂದರು. ಅಕ್ಕ ಹಿಂದಿನ ಕೋಣೆಯಲ್ಲಿ, ಬಾಗಿಲು ತೆರೆದೇ ಇತ್ತು, ನಲ್ಲಿ ಕೆಳಗೆ ಬಾಟ್ಲಿ ತೊಳೆಯುತ್ತಿದ್ದರು. ಈ ಕಡೆ ತಿರುಗಿಯೂ ನೋಡಲಿಲ್ಲ. ನಾನು ನೀಲಿ ಕುರ್ಚಿಯಲ್ಲಿ ಕೂತೆ. ಮೇಷ್ಟ್ರಿಗೆ ಒಂದು ಯಂತ್ರದ ಗುಂಡಿ, ಟೆಕ್ನಿಷಿಯನ್ನಿಗೆ ಇನ್ನೊಂದರ ಗುಂಡಿ. ನಾನು ಒಂದು, ಎರಡು, ಮೂರು ಅಂದೆ.

ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲವೂ ಇಲ್ಲ. ಮೇಷ್ಟ್ರು ನನ್ನನ್ನು ಕರುಣೆಯಿಂದ ನೋಡಿದರು. "ಬಿಡ್ರೀ, ನಿಮ್ಮ ಪ್ರಯತ್ನ ನೀವು ಮಾಡಿದ್ರಿ." ನನಗೆ ಅಳು ಬರುವುದೊಂದು ಬಾಕಿ. ಇಷ್ಟು ದಿನ ಬೇಡವೆಂದಾಗೆಲ್ಲ ಸತ್ತ ಮುಂಡೇದು ಈಗ ಬದುಕಿ ಕೂತಿದೆ! "ಇನ್ನೊಂದೇ ಸಲ ಸಾರ್" ಅಂದೆ. ಮೂರನೇ ಸಲ ಎರಡೂ ಯಂತ್ರ ಒಟ್ಟಿಗೆ ಕುಯ್ ಅಂದವು. ಪರದೆ ಕಪ್ಪಾಯಿತು. ಸಣ್ಣ ಸಿಸ್ಟಮ್ಮು ಎದ್ದು ನಕಲು ಮಾಡಿ ಮಿಷನ್ ಮತ್ತೆ ಆನ್ ಮಾಡಿದ ಮೇಲೆ ಹೊಸ ಫೈಲ್ ತೆಗೆದೆ, ಬಿಳಿ ಅಕ್ಷರಗಳು ಸುರಿದವು. ಮೇಷ್ಟ್ರು ಹತ್ತಿರ ಬಂದು, ತುಟಿ ಅಲ್ಲಾಡಿಸುತ್ತ, ಪಾಠ ಓದಿಸುವವರ ಹಾಗೆ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು.

"ಬೀರೂರ್ ಸ್ಪೆಷಲ್. ಇದು ನೀವೇನಾ?"

"ನಾನೇ ಸಾರ್."

ಆಮೇಲಿನ ಹತ್ತು ನಿಮಿಷ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಹೊರಗೆ ಕೂತಿದ್ದವರಿಗೂ ಕೇಳಿಸಿತು. ಅಷ್ಟು ಬೈಗುಳವನ್ನು ಅಷ್ಟು ಸಮಾಧಾನದಿಂದ ನಾನು ಯಾವತ್ತೂ ತಿಂದಿರಲಿಲ್ಲ. ಬೈಯುವುದು ಮುಗಿಸಿ ಮೇಷ್ಟ್ರು ಬಾಗಿಲಿಗೆ ಅಂಟಿಸಿದ್ದ ಸಂದರ್ಶನದ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರು. ಹಿಂದಿನ ಕೋಣೆಗೆ ಹೋಗಿ, "ತಪ್ಪು ತಿಳ್ಕೊಂಡೆ ಕಣಮ್ಮಾ. ನಿನ್ನ ಕೆಲಸ ನೀನು ನೋಡ್ಕೋ" ಅಂದು, ತೋಳಿನ ಹತ್ತಿ ಒತ್ತಿ ಹಿಡಿದುಕೊಂಡೇ ಕಾರು ಹತ್ತಿದರು.

ನಾನು ಎರಡು ಹೊಸ ಕೇಬಲ್ ಹಾಕಿ, ಬೀರೂರ್ ಸ್ಪೆಷಲ್ಲನ್ನು ಅಳಿಸಿ, ಮಿಷನ್ ಆನ್ ಮಾಡಿ, ಎಲ್ಲ ಸರಿಯಿದೆಯಾ ಅಂತ ನೋಡುತ್ತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ನಿಂತರು. ಕೈಗಳು ನೀರಿನಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕಾಗಿದ್ದವು, ಬೆರಳ ಸಂದಿಯಲ್ಲಿ ಬ್ಲೀಚಿಂಗ್ ಪೌಡರಿಗೆ ಚರ್ಮ ಒಡೆದಿತ್ತು.

"ಅಕ್ಕ, ತಪ್ಪಾಯ್ತು" ಅಂದೆ.

"ಆವತ್ತು ನಾನು ತೋರ್ಸಿ ಅಂದ್ನಲ್ಲ ಸಾರ್. ಅದ್ರೊಳಗೆ ಏನೂ ಇರಲ್ಲ ಅಂತ ಆಗ್ಲೇ ಗೊತ್ತಿತ್ತಾ ನಿಮ್ಗೆ?"

ಈ ಒಂದು ಪ್ರಶ್ನೆಗಾದರೂ ಸುಳ್ಳು ಹೇಳಬಾರದು ಅನ್ನಿಸಿತು.

"ಗೊತ್ತಿತ್ತು."

ಅವರು ತಮ್ಮ ಕೈಗಳನ್ನು ನೋಡಿಕೊಂಡರು.

"ಬಾಟ್ಲಿ ತೊಳ್ಯೋದು ನಂಗೇನ್ ಕಷ್ಟ ಅಲ್ಲ ಸಾರ್, ಮೊದ್ಲೂ ತೊಳೀತಿದ್ದೆ. ಆದ್ರೆ ಮೂರ್ ವಾರದಿಂದ ದಿನಾ ಅದೇ ಯೋಚ್ನೆ. ಅವತ್ತು ನಾನು ಯಾವ್ದನ್ನ ಒತ್ತಿದೆ, ಯಾವ್ದನ್ನ ಒತ್ತಬಾರ್ದಿತ್ತು, ನಂಗ್ಯಾಕ್ ಬೇಕಿತ್ತು ಈ ಕಂಪ್ಯೂಟ್ರು ಅಂತ. ನಾನೇ ಕೆಡ್ಸಿದೀನಿ ಅಂತ ನಾನೂ ನಂಬ್ಬಿಟ್ಟಿದ್ದೆ."

ನಾನು ಪರದೆಯ ಕಡೆ ತಿರುಗಿ, ನೋಡಲು ಏನೂ ಇಲ್ಲದಿದ್ದರೂ ನೋಡುತ್ತ ಕೂತೆ.

"ಏಳಿ ಸಾರ್" ಅಂದರು ಅಕ್ಕ. "ಹೊರ್ಗೆ ಜನ ಖಾಲಿ ಹೊಟ್ಟೇಲಿ ಕೂತವ್ರೆ."

ಎದ್ದೆ. ಕೂರುವ ಮೊದಲು ಅವರು ಸೆರಗಿನ ತುದಿಯಿಂದ ಆ ಕುರ್ಚಿಯನ್ನು ಒರೆಸಿದರು.